ಮೂರಾಣೆಯ ಲೆಕ್ಕ

ಸ್ವತಂತ್ರ ಭಾರತದ ಮೊದಲ ಅವಿಶ್ವಾಸ ನಿರ್ಣಯ ಲೋಕಸಭೆಯ ಮುಂದೆ ಬಂದದ್ದು 1963ರ ಆಗಸ್ಟ್‌ನಲ್ಲಿ. ಮಂಡಿಸಿದವರು ಆಚಾರ್ಯ ಜೆ.ಬಿ. ಕೃಪಲಾನಿ. ನಾಲ್ಕು ದಿನದ ಚರ್ಚೆ ಮುಗಿದಾಗ ನಿರ್ಣಯದ ಪರ 62, ವಿರುದ್ಧ 347 ಮತ ಬಿದ್ದಿದ್ದವು. ನೆಹರೂ ಸರ್ಕಾರಕ್ಕೆ ಕೂದಲೂ ಕೊಂಕಲಿಲ್ಲ. ಇಂದು ಆ ಮತಗಳ ಲೆಕ್ಕ ಹೆಚ್ಚು ಜನಕ್ಕೆ ನೆನಪಿಲ್ಲ. ನೆನಪಿನಲ್ಲಿ ನಿಂತದ್ದು, ಕೆಲವೇ ತಿಂಗಳ ಹಿಂದೆ ಉಪಚುನಾವಣೆಯಲ್ಲಿ ಗೆದ್ದು ಬಂದಿದ್ದ ರಾಮಮನೋಹರ ಲೋಹಿಯಾ ಹಿಂದಿಯಲ್ಲಿ ಮಾಡಿದ ಭಾಷಣ ಮತ್ತು ಅದರೊಳಗಿದ್ದ ಒಂದು ಅಂಕಿ. ದೇಶದ 27 ಕೋಟಿ ಜನ, ಅಂದರೆ ನೂರಕ್ಕೆ ಅರವತ್ತು ಮಂದಿ, ದಿನಕ್ಕೆ ಮೂರಾಣೆಯಲ್ಲಿ ಜೀವ ಹಿಡಿದುಕೊಂಡಿದ್ದಾರೆ ಎಂದು ಅವರು ಹೇಳಿದರು.

ಸರ್ಕಾರದ ಪುಸ್ತಕದಲ್ಲಿ ಆಗ ಆಣೆ ಇರಲಿಲ್ಲ. 1957ರ ಏಪ್ರಿಲ್ 1ರಿಂದಲೇ ರೂಪಾಯಿಗೆ ನೂರು ನಯಾಪೈಸೆ ಎಂಬ ದಶಮಾನ ಪದ್ಧತಿ ಜಾರಿಗೆ ಬಂದಿತ್ತು. ಆದರೆ ಸಂತೆಯಲ್ಲಿ, ಕೂಲಿ ಬಟವಾಡೆಯಲ್ಲಿ ಆಣೆಯೇ ನಡೆಯುತ್ತಿತ್ತು. ಮೂರಾಣೆ ಅಂದರೆ ಸುಮಾರು 19 ನಯಾಪೈಸೆ, ತಿಂಗಳಿಗೆ ಐದೂವರೆ ರೂಪಾಯಿ ಚಿಲ್ಲರೆ. ಯೋಜನಾ ಆಯೋಗದ ಭಾಷೆ ಬಿಟ್ಟು ಸಂತೆಯ ಭಾಷೆಯಲ್ಲಿ ಹೇಳಿದ್ದರಿಂದಲೇ ಆ ಅಂಕಿ ಊರೂರು ಸುತ್ತಿತು ಎನ್ನಬೇಕು.

ಅದಕ್ಕೆ ಆ ವರ್ಷದ ಬಿಸಿಯೂ ಇತ್ತು. 1962ರ ಚೀನಾ ಯುದ್ಧದ ಸೋಲಿನ ಬಳಿಕ ರಕ್ಷಣಾ ವೆಚ್ಚ ಇಮ್ಮಡಿ ಮೀರಿತು. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ 1963ರ ಬಜೆಟ್‌ನಲ್ಲಿ ಅದನ್ನು ಹೊಸ ತೆರಿಗೆಗಳಿಂದ ತುಂಬಿಸಲು ಹೊರಟರು. ಕಂಪನಿಗಳ ಮೇಲೆ ಅತಿಲಾಭ ತೆರಿಗೆ ಬಂತು. ಅದರ ಜತೆಗೆ ಸೀಮೆಎಣ್ಣೆಯ ಸುಂಕವೂ ಏರಿತು. ವಿದ್ಯುತ್ ಕಾಣದ ಹಳ್ಳಿಗಳ ದೇಶದಲ್ಲಿ ಸೀಮೆಎಣ್ಣೆಗೆ ತೆರಿಗೆ ಎಂದರೆ ಬುಡ್ಡಿದೀಪಕ್ಕೇ ತೆರಿಗೆ. ಕಡ್ಡಾಯ ಠೇವಣಿ ಯೋಜನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಆದಾಯ ತೆರಿಗೆ ಕಟ್ಟುವವರಷ್ಟೇ ಅಲ್ಲದೆ ಭೂಕಂದಾಯ ಕಟ್ಟುವ ರೈತರು, ಸಣ್ಣ ಸಂಬಳದ ನೌಕರರು ಕೂಡ ಸರ್ಕಾರದಲ್ಲಿ ಹಣ ಇಡಬೇಕು ಎಂದಿತು. ಅದೇ ವರ್ಷದ ಜನವರಿಯಲ್ಲಿ ಬಂದ ಚಿನ್ನ ನಿಯಂತ್ರಣವು ಹೊಸ ಒಡವೆಗೆ 14 ಕ್ಯಾರೆಟ್‌ನ ಮಿತಿ ಹಾಕಿ ಅಕ್ಕಸಾಲಿಗರ ಕಸುಬನ್ನೇ ಅಲುಗಿಸಿತು. ಯುದ್ಧದ ಹೆಸರಿನಲ್ಲಿ ಎಲ್ಲರೂ ಹೊರಬೇಕಾದ ಹೊರೆಯಿದು ಎಂಬುದು ಸರ್ಕಾರದ ಸಮರ್ಥನೆ. ಹೊರುವ ಹೆಗಲುಗಳು ಒಂದೇ ಸಮ ಇವೆಯೇ ಎಂಬುದು ಲೋಹಿಯಾ ಪ್ರಶ್ನೆ.

ಈ ಪ್ರಶ್ನೆಯನ್ನು ಅವರು ಸದನಕ್ಕೆ ಬರುವ ಮೊದಲೇ ಹಿಡಿದಿದ್ದರು. 1962ರ ಮಹಾಚುನಾವಣೆಯಲ್ಲಿ ಫೂಲ್ಪುರದಲ್ಲಿ ನೆಹರೂ ಎದುರೇ ನಿಂತು ಸೋತರು. ಪ್ರಧಾನಿಯ ಮೇಲೆ ದಿನಕ್ಕೆ 25 ಸಾವಿರ ರೂಪಾಯಿ ಖರ್ಚಾಗುತ್ತಿದೆ ಎಂದು ಆರೋಪಿಸುವ ಕಿರುಹೊತ್ತಿಗೆಯೂ ಹೊರಬಂತು. ಭದ್ರತೆ, ಸಿಬ್ಬಂದಿ, ಬಂಗಲೆ ಎಲ್ಲವನ್ನೂ ಸೇರಿಸಿ ಹಾಕಿದ ಲೆಕ್ಕ ಅದು. ಹಾಗೆ ಸೇರಿಸುವುದು ನ್ಯಾಯವೇ ಎಂದು ಕೇಳಿದವರಿದ್ದರು, ಕೇಳಬೇಕಾದದ್ದೂ ಹೌದು. 1963ರಲ್ಲಿ ಫರೂಕಾಬಾದ್‌ನಿಂದ ಗೆದ್ದು ಬಂದ ಮೇಲೆ ಅವರು ಈ ಅಂಕಿಯ ಪಕ್ಕದಲ್ಲಿ ಮೂರಾಣೆಯನ್ನು ತಂದಿಟ್ಟರು. ಎರಡನ್ನೂ ಭಾಗಿಸಿ ನೋಡಿದರೆ ಒಬ್ಬರ ಒಂದು ದಿನದ ವೆಚ್ಚ 1 ಲಕ್ಷ 33 ಸಾವಿರ ಜನರ ಒಂದು ದಿನದ ಬದುಕಿಗೆ ಸಮ ಎಂದಾಗುತ್ತದೆ.

ಅಳತೆಯ ಜಗಳ ಲೋಹಿಯಾಗೆ ಹೊಸದಲ್ಲ. ಅದರ ಒಂದು ರೂಪವನ್ನು ಅವರು ಮಲೆನಾಡಿನಲ್ಲಿ ಕಂಡಿದ್ದರು. 1951ರ ಏಪ್ರಿಲ್‌ನಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಹೆಚ್ಚಿನವರು ದೀವರು, ಮುಂದೆ ನಿಂತವರು ಎಚ್. ಗಣಪತಿಯಪ್ಪ. ಒಡೆಯರು ಗೇಣಿ ಭತ್ತವನ್ನು ಅಳೆಯುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದು ಎಂಬುದು ಮುಖ್ಯ ತಕರಾರು. ಕಣದಲ್ಲಿ ಒಂದೊಂದು ಕೊಳಗ ಸುರಿದಾಗಲೂ ಒಂದಷ್ಟು ಭತ್ತ ಲೆಕ್ಕಕ್ಕೆ ಸಿಗದೆ ಒಡೆಯರ ಪಾಲಾಗುತ್ತಿತ್ತು. ವರ್ಷವಿಡೀ ಗೇಯ್ದವನಿಗೆ ಅದು ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಕಾಗದದ ಮೇಲಿನ ಗೇಣಿ ಮಾತ್ರ ಇದ್ದಷ್ಟೇ ಇರುತ್ತಿತ್ತು. ಸಮಾಜವಾದಿ ಪಕ್ಷ ಚಳವಳಿಯ ಬೆನ್ನಿಗೆ ನಿಂತಿತು. ಜೂನ್‌ನಲ್ಲಿ ಲೋಹಿಯಾ ತಾವೇ ಬಂದು ಬಂಧನಕ್ಕೊಳಗಾದರು. ಈ ಹೋರಾಟದಲ್ಲಿ ಬೆಳೆದ ಶಾಂತವೇರಿ ಗೋಪಾಲಗೌಡರು 1952ರಲ್ಲಿ ಶಾಸಕರಾದರು. ಕನ್ನಡನಾಡಿನಲ್ಲಿ ಲೋಹಿಯಾ ವಿಚಾರ ಬೇರುಬಿಟ್ಟದ್ದು ಇಲ್ಲಿಂದಲೇ.

ದೆಹಲಿಯ ಕೊಳಗದ ಹೆಸರು ಸರಾಸರಿ. ಲೋಹಿಯಾ ಹೇಳಿದ ಮೂರಾಣೆಗೆ ನೆಹರೂ ಹದಿನೈದಾಣೆ ಎಂದು ಉತ್ತರಿಸಿದರು. ಯೋಜನಾ ಆಯೋಗದ ಪ್ರಕಾರ ಭಾರತೀಯನ ದಿನದ ಆದಾಯ ಅಷ್ಟು ಎಂಬುದು ಅವರ ವಾದ. ಈ ಹದಿನೈದಾಣೆ ಎಲ್ಲಿಂದ ಬಂತೆಂದು ನೋಡುವುದು ಕಷ್ಟವಲ್ಲ. ಜನಸಂಖ್ಯೆ 44 ಕೋಟಿ ಎಂದಿಟ್ಟುಕೊಂಡು ಒಬ್ಬೊಬ್ಬರಿಗೂ ದಿನಕ್ಕೆ 15 ಆಣೆ ಹಂಚಿದರೆ ವರ್ಷಕ್ಕೆ ಸುಮಾರು 15 ಸಾವಿರ ಕೋಟಿ ರೂಪಾಯಿಯಾಗುತ್ತದೆ. ಆಗಿನ ರಾಷ್ಟ್ರೀಯ ಆದಾಯ ಹೆಚ್ಚುಕಡಿಮೆ ಅಷ್ಟೇ. ಅಂದರೆ ಪ್ರಧಾನಿ ಕೊಟ್ಟದ್ದು ಇಡೀ ದೇಶದ ತಲಾ ಆದಾಯ. ಉದ್ಯಮಪತಿಗಳೂ ಮಾಜಿ ಮಹಾರಾಜರೂ ಅದರೊಳಗೇ ಇದ್ದರು. ಲೋಹಿಯಾ ಮಾತನಾಡಿದ್ದು ಕೆಳಗಿನ ಅರವತ್ತು ಭಾಗದ ಬಗ್ಗೆ. ಆ ಪ್ರಶ್ನೆಗೆ ಇದು ಉತ್ತರವೇ ಆಗಿರಲಿಲ್ಲ.

ವಿವಾದ ಅಲ್ಲಿಗೆ ನಿಲ್ಲದೆ ಸೆಪ್ಟೆಂಬರ್‌ನಲ್ಲಿ ಇದೊಂದೇ ವಿಷಯದ ಮೇಲೆ ಲೋಕಸಭೆ ಮತ್ತೆ ಚರ್ಚಿಸಿತು. ಯೋಜನಾ ಸಚಿವ ಗುಲ್ಜಾರಿಲಾಲ್ ನಂದಾ ಈ ಸಲ ಕೆಳಗಿನ ಅರವತ್ತು ಭಾಗದ ಅಂಕಿಯನ್ನೇ ಕೊಟ್ಟರು. ಅದು ಏಳೂವರೆ ಆಣೆ. ಎರಡೇ ವಾರದಲ್ಲಿ ಸರ್ಕಾರದ ಹದಿನೈದಾಣೆ ಸರಿಯಾಗಿ ಅರ್ಧಕ್ಕೆ ಇಳಿದಿತ್ತು.

ಯಾರ ಲೆಕ್ಕ ಸರಿ? 27 ಕೋಟಿ ಜನಕ್ಕೆ ದಿನಕ್ಕೆ ಮೂರಾಣೆಯಂತೆ ಕೂಡಿಸಿದರೆ ವರ್ಷಕ್ಕೆ 1,850 ಕೋಟಿ ರೂಪಾಯಿಯಷ್ಟಾಗುತ್ತದೆ. ಅಷ್ಟು ದೊಡ್ಡ ಜನಸ್ತೋಮಕ್ಕೆ ರಾಷ್ಟ್ರೀಯ ಆದಾಯದ ಎಂಟನೇ ಒಂದು ಪಾಲು ಮಾತ್ರ ಸಿಗುತ್ತಿತ್ತು ಎಂದು ಒಪ್ಪುವುದು ಕಷ್ಟ. ಏಳೂವರೆ ಆಣೆಯಾದರೆ ಮೂರನೇ ಒಂದು ಪಾಲಿನ ಹತ್ತಿರ ಬರುತ್ತದೆ, ಅದು ನಂಬುವಂತಿದೆ. ಲೋಹಿಯಾ ಅಂಕಿ ಕೆಳಕ್ಕೆ ಜಾರಿತ್ತು ಎಂದೇ ಹೇಳಬೇಕು. ಆದರೆ ಮೂರಾಣೆ ಗಾಳಿಯಿಂದ ಹಿಡಿದ ಅಂಕಿಯೂ ಅಲ್ಲ. ಸರ್ಕಾರವೇ ನಡೆಸಿದ ಎರಡನೇ ಕೃಷಿ ಕಾರ್ಮಿಕರ ಸಮೀಕ್ಷೆಯ ಪ್ರಕಾರ 1956-57ರಲ್ಲಿ ಕೃಷಿ ಕೂಲಿಕಾರರ ಕುಟುಂಬಗಳ ತಲಾ ವಾರ್ಷಿಕ ಆದಾಯ 99 ರೂಪಾಯಿ 40 ಪೈಸೆ. ದಿನಕ್ಕೆ ನಾಲ್ಕಾಣೆಗಿಂತ ತುಸು ಹೆಚ್ಚು. ಮೊದಲ ಸಮೀಕ್ಷೆ ನಡೆದ 1950-51ರಲ್ಲಿ ಅದು 104 ರೂಪಾಯಿ ಇತ್ತು. ಮೊದಲ ಪಂಚವಾರ್ಷಿಕ ಯೋಜನೆ ಮುಗಿಯುವ ಹೊತ್ತಿಗೆ ಭೂಹೀನನ ಆದಾಯ ಏರುವ ಬದಲು ಇಳಿದಿತ್ತು.

ಏಳೂವರೆ ಆಣೆ ಸರ್ಕಾರದ ಪಾಲಿಗೆ ಸಮಾಧಾನ ತರುವ ಅಂಕಿಯೂ ಆಗಿರಲಿಲ್ಲ. 1962ರ ಜುಲೈನಲ್ಲಿ ತಜ್ಞರ ಕಾರ್ಯತಂಡವೊಂದು ಐವರ ಕುಟುಂಬಕ್ಕೆ ತಿಂಗಳಿಗೆ ಕನಿಷ್ಠ 100 ರೂಪಾಯಿ, ಅಂದರೆ ತಲೆಗೆ 20 ರೂಪಾಯಿ ಬೇಕು ಎಂದು 1960-61ರ ಬೆಲೆಯಲ್ಲಿ ನಿಗದಿ ಮಾಡಿತ್ತು. ಶಿಕ್ಷಣ, ಆರೋಗ್ಯದ ಖರ್ಚು ಅದರಲ್ಲಿ ಸೇರಿರಲಿಲ್ಲ, ಅವನ್ನು ಸರ್ಕಾರ ಕೊಡಬೇಕೆಂಬ ಎಣಿಕೆ. ಡಿ.ಆರ್. ಗಾಡ್ಗೀಳ್, ಪೀತಾಂಬರ ಪಂತ್, ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಹೋಗಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಕಟ್ಟಿದ ವಿ.ಕೆ.ಆರ್.ವಿ. ರಾವ್ ಈ ತಂಡದಲ್ಲಿದ್ದರು. ತಿಂಗಳಿಗೆ 20 ರೂಪಾಯಿ ಎಂದರೆ ದಿನಕ್ಕೆ ಹತ್ತೂವರೆ ಆಣೆಗೂ ತುಸು ಮೇಲೆ. ನಂದಾ ಅವರ ಏಳೂವರೆ ಆಣೆಯಿಂದ ತಿಂಗಳಿಗೆ 14 ರೂಪಾಯಿ ಮಾತ್ರ. ದೇಶದ ಅರವತ್ತು ಭಾಗ ಜನರ ಸರಾಸರಿ ಆದಾಯವು ತಜ್ಞರು ಹೇಳಿದ ಕನಿಷ್ಠಕ್ಕಿಂತಲೂ ಸುಮಾರು ಮೂರರಲ್ಲಿ ಒಂದು ಪಾಲು ಕಡಿಮೆ ಎಂದು ಸಚಿವರ ಉತ್ತರವೇ ಸಾರಿತು. ವಿರೋಧ ಪಕ್ಷಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಹಾಗೆ ನೋಡಿದರೆ ಮೂಲ ಪ್ರಶ್ನೆಯನ್ನು ಲೋಹಿಯಾಗಿಂತ ಮೊದಲು ಕೇಳಿದವರು ನೆಹರೂ. ಯೋಜನೆಗಳಿಂದ ಹೆಚ್ಚಿದ ಆದಾಯ ಎಲ್ಲಿ ಹೋಯಿತು, ಯಾರ ಕೈ ಸೇರಿತು ಎಂದು 1960ರ ಆಗಸ್ಟ್‌ನಲ್ಲಿ ಲೋಕಸಭೆಯಲ್ಲಿ ಕೇಳಿದ್ದ ಅವರು, ಅದನ್ನು ಪತ್ತೆಹಚ್ಚಲು ಅಕ್ಟೋಬರ್‌ನಲ್ಲಿ ಪಿ.ಸಿ. ಮಹಲನೋಬಿಸ್ ಅಧ್ಯಕ್ಷತೆಯ ಸಮಿತಿಯನ್ನು ನೇಮಿಸಿದ್ದರು. ವರದಿಯ ಮೊದಲ ಭಾಗ ಕೈಸೇರಿದ್ದು 1964ರಲ್ಲಿ, ಮೂರಾಣೆಯ ಗದ್ದಲ ಮುಗಿದ ಮೇಲೆ. ಆರ್ಥಿಕ ಬಲ ಕೆಲವೇ ಮನೆತನಗಳಲ್ಲಿ ಕೂಡಿಕೊಂಡಿದೆ ಎಂಬ ಅದರ ಮಾತಿನ ಹಿಂದೆಯೇ ಏಕಸ್ವಾಮ್ಯ ವಿಚಾರಣಾ ಆಯೋಗ ಬಂತು. 1969ರಲ್ಲಿ ಏಕಸ್ವಾಮ್ಯ ನಿಯಂತ್ರಣ ಕಾಯ್ದೆಯೂ ಬಂತು.

ಲೋಹಿಯಾ ಟೀಕೆ ಅಂಕಿಯಲ್ಲೇ ಮುಗಿಯುತ್ತಿರಲಿಲ್ಲ. ಕಾರ್ಖಾನೆಯ ಸರಕಿನ ಮಾರಾಟದ ಬೆಲೆ ಉತ್ಪಾದನಾ ವೆಚ್ಚದ ಒಂದೂವರೆ ಪಟ್ಟು ಮೀರಬಾರದು, ಎರಡು ಸುಗ್ಗಿಗಳ ನಡುವೆ ಧಾನ್ಯದ ಬೆಲೆ ಸೇರಿಗೆ ಒಂದಾಣೆಗಿಂತ ಹೆಚ್ಚು ಏರಿಳಿಯಬಾರದು, ವ್ಯಕ್ತಿಯ ಖರ್ಚಿಗೆ ತಿಂಗಳಿಗೆ 1,500 ರೂಪಾಯಿಯ ಮಿತಿ ಇರಬೇಕು, ಲಾಭವಿಲ್ಲದ ಹಿಡುವಳಿಗೆ ಭೂಕಂದಾಯ ರದ್ದಾಗಬೇಕು ಎಂಬುದು ಅವರ ಪಟ್ಟು. ಆದಾಯಕ್ಕೆ ತೆರಿಗೆ ಹಾಕಿದರೆ ಅಡಗಿಸುತ್ತಾರೆ, ಖರ್ಚು ಕಣ್ಣಿಗೆ ಬೀಳುತ್ತದೆ ಎಂಬ ತರ್ಕ ಸರ್ಕಾರಕ್ಕೂ ಅಪರಿಚಿತವಲ್ಲ. ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ನಿಕೋಲಸ್ ಕಾಲ್ಡರ್ ಸಲಹೆಯಂತೆ 1957ರಲ್ಲಿ ಟಿ.ಟಿ. ಕೃಷ್ಣಮಾಚಾರಿ ವೆಚ್ಚ ತೆರಿಗೆ ತಂದಿದ್ದರು. 1962ರಲ್ಲಿ ಮೊರಾರ್ಜಿ ಅದನ್ನು ಕೈಬಿಟ್ಟರು, 1964ರಲ್ಲಿ ಕೃಷ್ಣಮಾಚಾರಿ ಮತ್ತೆ ತಂದರು, 1966ರಲ್ಲಿ ಅದು ಮತ್ತೆ ಹೋಯಿತು. ವಸೂಲಾದದ್ದು ಅಲ್ಪ. 1,500ರ ಮಿತಿಯನ್ನು ಯಾವ ಅಧಿಕಾರಿ ಹೇಗೆ ಕಾಯುತ್ತಿದ್ದ ಎಂಬ ಪ್ರಶ್ನೆಗೆ ಲೋಹಿಯಾ ಬಳಿಯೂ ತೃಪ್ತಿಕರ ಉತ್ತರ ಇರಲಿಲ್ಲ.

ಸಾಮಾಜಿಕ ನೀತಿಯ ವಿಷಯದಲ್ಲಿ ಅವರ ವಾದ ಹೆಚ್ಚು ಗಟ್ಟಿ. ಬಡತನಕ್ಕೆ ಜಾತಿಯ ಬೇರಿದೆ, ವರ್ಗದ ಲೆಕ್ಕವೊಂದೇ ಸಾಲದು ಎಂದು ಹೇಳಿದ ಅವರು ಹಿಂದುಳಿದ ಜಾತಿ, ದಲಿತ, ಆದಿವಾಸಿ, ಅಲ್ಪಸಂಖ್ಯಾತ ಹಿಂದುಳಿದವರು ಮತ್ತು ಎಲ್ಲ ಜಾತಿಯ ಮಹಿಳೆಯರಿಗೆ ಸೇರಿ ನಾಯಕತ್ವದ ಸ್ಥಾನಗಳಲ್ಲಿ ನೂರಕ್ಕೆ ಅರವತ್ತು ಕೇಳಿದರು. ಮೂರಾಣೆಯ ಅರವತ್ತು, ಮೀಸಲಾತಿಯ ಅರವತ್ತು ಒಂದೇ ಜನರಲ್ಲ. ಆದರೆ ಇಬ್ಬರೂ ಬಹುಪಾಲು ಒಂದೇ ಕೇರಿಯವರು.

ತಕ್ಷಣದ ಫಲ ಕಂಡದ್ದು ತೆರಿಗೆಯಲ್ಲಿ. ಆಗಸ್ಟ್ ಕೊನೆಯಲ್ಲಿ, ಹಿರಿಯ ಸಚಿವರು ಹುದ್ದೆ ಬಿಟ್ಟು ಪಕ್ಷದ ಕೆಲಸಕ್ಕೆ ಮರಳಬೇಕೆಂಬ ಕಾಮರಾಜ್ ಯೋಜನೆಯಡಿ ಮೊರಾರ್ಜಿ ಸಂಪುಟ ಬಿಟ್ಟರು. ಅವರ ಜಾಗಕ್ಕೆ ಬಂದ ಕೃಷ್ಣಮಾಚಾರಿ ಕಡ್ಡಾಯ ಠೇವಣಿಯನ್ನು ಆದಾಯ ತೆರಿಗೆ ಕಟ್ಟುವವರಿಗಷ್ಟೇ ಉಳಿಸಿ ಮಿಕ್ಕವರನ್ನು ಬಿಟ್ಟರು. ಇದರ ಶ್ರೇಯ ಲೋಹಿಯಾ ಒಬ್ಬರದಲ್ಲ, ಕಾಂಗ್ರೆಸ್ಸಿನೊಳಗೂ ಅಸಮಾಧಾನ ಹೊಗೆಯಾಡುತ್ತಿತ್ತು. ರಾಜಕೀಯದ ಫಲ ಬರಲು 1967ರ ಚುನಾವಣೆಯವರೆಗೆ ಕಾಯಬೇಕಾಯಿತು. ಹಲವು ರಾಜ್ಯಗಳಲ್ಲಿ ಕಾಂಗ್ರೆಸ್ ಅಧಿಕಾರ ಕಳೆದುಕೊಂಡಿತು. ಶಿವಮೊಗ್ಗದಿಂದ ಗೆದ್ದ ಲೋಹಿಯಾವಾದಿ ಜೆ.ಎಚ್. ಪಟೇಲ್ ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದರು. ಅದೇ ವರ್ಷದ ಅಕ್ಟೋಬರ್ 12ರಂದು ಲೋಹಿಯಾ ತೀರಿಕೊಂಡರು. ಕಾಗೋಡಿನ ಬೇಡಿಕೆ ಪೂರ್ತಿ ಕಾನೂನಾಗಿ ಇಳಿದದ್ದು ದೇವರಾಜ ಅರಸು ಕಾಲದಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ. ಅರಸು ಕಾಂಗ್ರೆಸ್ಸಿಗರು.

ಲೆಕ್ಕದ ಕತೆ ಮಾತ್ರ ನಿಲ್ಲಲಿಲ್ಲ. ವಿ.ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಆಹಾರದ ಕ್ಯಾಲೊರಿಯನ್ನು ಆಧಾರವಾಗಿಟ್ಟು ಹಳ್ಳಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣಕ್ಕೆ 22.50 ರೂಪಾಯಿಯ ಬಡತನದ ಗೆರೆ ಎಳೆದರು. 1979ರ ಕಾರ್ಯಪಡೆ ಹಳ್ಳಿಗೆ 2,400, ನಗರಕ್ಕೆ 2,100 ಕ್ಯಾಲೊರಿ ಎಂದಿತು. ಲಕ್ಡಾವಾಲಾ, ತೆಂಡುಲ್ಕರ್ ಸಮಿತಿಗಳು ಬಂದು ಹೋದವು. 2011ರ ಸೆಪ್ಟೆಂಬರ್‌ನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟ್‌ಗೆ ಕೊಟ್ಟ ಪ್ರಮಾಣಪತ್ರದಲ್ಲಿ ನಗರಕ್ಕೆ ದಿನಕ್ಕೆ 32 ರೂಪಾಯಿ, ಹಳ್ಳಿಗೆ 26 ರೂಪಾಯಿ ಎಂದಾಗ ದೇಶದಲ್ಲಿ ಮತ್ತೆ ಅದೇ ಬಗೆಯ ಗಲಾಟೆ ಎದ್ದಿತು. ಮೂರಾಣೆಯ ಜಾಗದಲ್ಲಿ 32 ರೂಪಾಯಿ ಬಂದಿತ್ತು. 2014ರಲ್ಲಿ ರಂಗರಾಜನ್ ಸಮಿತಿ ಗೆರೆಯನ್ನು ಹಳ್ಳಿಗೆ 32, ನಗರಕ್ಕೆ 47 ರೂಪಾಯಿಗೆ ಏರಿಸಿತಾದರೂ ಸರ್ಕಾರ ಅದನ್ನು ಅಧಿಕೃತವಾಗಿ ಒಪ್ಪಿಕೊಳ್ಳಲಿಲ್ಲ. ಯೋಜನಾ ಆಯೋಗದ ಬಾಗಿಲು ಮುಚ್ಚಿ 2015ರ ಜನವರಿಯಲ್ಲಿ ನೀತಿ ಆಯೋಗ ಬಂತು. 2017-18ರ ಗೃಹಬಳಕೆ ವೆಚ್ಚದ ಸಮೀಕ್ಷೆಯ ಫಲಿತಾಂಶವನ್ನು ಸರ್ಕಾರ ಪ್ರಕಟಿಸಲಿಲ್ಲ. ಹಾಗಾಗಿ 2011-12ರ ಮುಂದಿನ ಅಂಕಿಗಳು ಸಿಕ್ಕದ್ದು 2022-23ರ ಸಮೀಕ್ಷೆಯಿಂದ. ಈಗ ಶಾಲೆ, ಆರೋಗ್ಯ, ಅಡುಗೆ ಇಂಧನ, ಶೌಚಾಲಯ ಎಂದು ಹಲವು ಬಾಬತ್ತು ಸೇರಿಸಿ ಅಳೆಯುವ ಬಹುಆಯಾಮದ ಸೂಚ್ಯಂಕವಿದೆ, ದಿನಕ್ಕೆ ಇಷ್ಟು ಎಂದು ಹಣದಲ್ಲಿ ಹೇಳುವ ಹೊಸ ಸರ್ಕಾರಿ ಗೆರೆಯಿಲ್ಲ.