ಉದ್ಯಮಶೀಲ ಲಕ್ಷ್ಮಣರಾವ ಕಿರ್ಲೋಸ್ಕರರು

ನಮ್ಮ ಜುಗೂಳದ ಬಳಿ ಹರಿಯುವ ಕೃಷ್ಣೆಯನ್ನೇ ಹಿಡಿದು ಪ್ರವಾಹಕ್ಕೆ ಎದುರಾಗಿ ಹೋದರೆ, ನರಸೋಬವಾಡಿ, ಸಾಂಗಲಿಗಳು ಹಿಂದಾದ ಮೇಲೆ, ಹೊಳೆಯಿಂದ ತುಸು ದೂರದಲ್ಲಿ, ಮಿರಜೆಯಿಂದ ಪುಣೆಗೆ ಹೋಗುವ ರೈಲುಹಾದಿಯ ಮೇಲೆ ಒಂದು ನಿಲ್ದಾಣವು ಸಿಕ್ಕುತ್ತದೆ. ಅದರ ಹಳೆಯ ಹೆಸರು ಕುಂಡಲ ರೋಡು. ಈಗಿನ ಹೆಸರು ಕಿರ್ಲೋಸ್ಕರವಾಡಿ. ಊರಿನಿಂದ ಮನುಷ್ಯನಿಗೆ ಅಡ್ಡಹೆಸರು ಬರುವುದು ಲೋಕರೂಢಿ. ಇಲ್ಲಿ ಮನುಷ್ಯನಿಂದ ಊರಿಗೆ ಹೆಸರು ಬಂದಿತು. ಆ ಮಹನೀಯರು ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, ನಮ್ಮ ಬೆಳಗಾವಿ ನಗರದಲ್ಲಿಯೇ ಉದ್ಯೋಗವನ್ನಾರಂಭಿಸಿದವರು. ಅಂಥವರು ನಮ್ಮ ಕೈತಪ್ಪಿ ಪರಸಂಸ್ಥಾನಕ್ಕೆ ಹೋದ ವೃತ್ತಾಂತವು ವಾಚಕರಿಗೆ ತಿಳಿದಿರತಕ್ಕದ್ದಾಗಿದೆ.

ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ನೆಯ ಇಸವಿಯ ಜೂನ್ 20ರಂದು ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ರಂಗಭೂಮಿಯಲ್ಲಿ ಕಾಳಿದಾಸನ ಶಕುಂತಲೆಯನ್ನು 1880ರಲ್ಲಿ ಹಾಡಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಹುಟ್ಟಿದ್ದು ಇದೇ ಗ್ರಾಮದಲ್ಲಿ. ನಾಟಕಕ್ಕೂ ನೇಗಿಲಿಗೂ ಒಂದೇ ಊರು ತವರಾದುದು ವಿಶೇಷವೇ ಸರಿ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನಿಗೆ ಶಾಸ್ತ್ರದ ಪುಸ್ತಕಗಳಿಗಿಂತ ಚಿತ್ರ ಬರೆಯುವುದರಲ್ಲಿಯೂ ಯಂತ್ರಗಳಲ್ಲಿಯೂ ಹೆಚ್ಚಿನ ಒಲವು. ತಂದೆಯ ಮನಸ್ಸಿಲ್ಲದಿದ್ದರೂ ಹಿರಿಯಣ್ಣ ರಾಮೂಅಣ್ಣನವರ ಧನಸಹಾಯದಿಂದ ಅವರು 1885ರಲ್ಲಿ ಮುಂಬಯಿಗೆ ಹೋಗಿ ಜೆ. ಜೆ. ಚಿತ್ರಕಲಾಶಾಲೆಯನ್ನು ಸೇರಿದರು.

ಅಲ್ಲಿ ದೈವವು ಅಡ್ಡವಾಯಿತು. ಕೆಲವು ಬಣ್ಣಗಳ ಭೇದವು ತಮ್ಮ ಕಣ್ಣಿಗೆ ತಿಳಿಯುವುದಿಲ್ಲವೆಂಬುದು ವರ್ಣಚಿತ್ರದ ಅಭ್ಯಾಸವು ಸಾಗಿರುವಾಗಲೇ ಗೊತ್ತಾಯಿತು. ಚಿತ್ರಕಾರನಿಗೆ ಇದಕ್ಕಿಂತ ದೊಡ್ಡ ವಿಘ್ನ ಮತ್ತಾವುದು? ಲಕ್ಷ್ಮಣರಾಯರು ಬಣ್ಣವನ್ನು ಬಿಟ್ಟರು, ಗೆರೆಯನ್ನು ಬಿಡಲಿಲ್ಲ. ಯಂತ್ರಗಳ ನಕ್ಷೆಗಳನ್ನು ಬರೆಯಲು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಶಾಲೆಯಲ್ಲಿ ಆ ವಿಷಯದ ಸಹಾಯಕ ಶಿಕ್ಷಕರಾದರು. ನ್ಯಾಯವಾಗಿ ತಮಗೆ ಸಲ್ಲಬೇಕಾಗಿದ್ದ ಬಡತಿಯು ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಸಂದಾಗ ರಾಜೀನಾಮೆಯನ್ನು ಕೊಟ್ಟು ಹೊರಬಿದ್ದರು. ತಿಂಗಳ ಸಂಬಳವೇ ಮನೆಯ ಆಧಾರಸ್ತಂಭವೆಂದು ನಂಬಿದ ನಮ್ಮಂಥ ಮಾಸ್ತರರಿಗೆ ಈ ಧೈರ್ಯವು ಬೆರಗನ್ನು ಹುಟ್ಟಿಸುತ್ತದೆ.

ಬೆಳಗಾವಿಯಲ್ಲಿ ಅಣ್ಣತಮ್ಮಂದಿರ ಸೈಕಲ್ಲಿನ ವ್ಯಾಪಾರವು ಮೊದಲೇ ಆರಂಭವಾಗಿತ್ತು. ಕಿರ್ಲೋಸ್ಕರ ಬಂಧುಗಳ ಸಂಸ್ಥೆಯು ತನ್ನ ಜನ್ಮವರ್ಷವನ್ನು 1888 ಎಂದು ಎಣಿಸುತ್ತದೆ. ಆಗ ಒಂದು ಸೈಕಲ್ಲಿಗೆ 700ರಿಂದ 1000 ರೂಪಾಯಿಗಳವರೆಗೆ ಬೆಲೆಯಿತ್ತು. ಕೊಂಡವರಿಗೆ ಅದನ್ನು ಹತ್ತಿ ನಡೆಸುವುದನ್ನು ಕಲಿಸಲಿಕ್ಕೆ 15 ರೂಪಾಯಿ ಬೇರೆ! ಶ್ರೀಮಂತರ ಈ ವಿಲಾಸದಿಂದ ಬಂದ ಹಣವನ್ನು ಲಕ್ಷ್ಮಣರಾಯರು ಬಡ ಒಕ್ಕಲಿಗನ ಉಪಕರಣಗಳಿಗಾಗಿ ವೆಚ್ಚಮಾಡಿದರು. ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ದನವು ಎಲೆಯನ್ನು ತಿಂದು ದಂಟನ್ನು ತುಳಿದು ಕೆಡಿಸುವುದು; ಸಣ್ಣಗೆ ಕತ್ತರಿಸಿ ಹಾಕಿದರೆ ಎಲ್ಲವೂ ಹೊಟ್ಟೆಗೆ ಸೇರುವುದು. ಬರಗಾಲದ ಸೀಮೆಯಲ್ಲಿ ಇದರ ಬೆಲೆಯನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ.

ನೇಗಿಲಿನ ಮಾತು ಹಾಗಾಗಲಿಲ್ಲ. ನಮ್ಮವರ ಕಟ್ಟಿಗೆಯ ರಂಟೆಯು ನೆಲವನ್ನು ಗೀರುತ್ತದೆ, ಮಗುಚುವುದಿಲ್ಲ. ಕಬ್ಬಿಣದ ನೇಗಿಲು ಮಣ್ಣಿನ ಹೆಂಟೆಯನ್ನು ಅಡಿಮೇಲು ಮಾಡಿ ಕಳೆಯನ್ನು ಒಳಗೆ ಹೂಳುತ್ತದೆ. ವಿಲಾಯತಿಯಿಂದ ಬರುವ ನೇಗಿಲುಗಳನ್ನು ನೋಡಿ ಲಕ್ಷ್ಮಣರಾಯರು ಅಂಥದನ್ನು ತಾವೇ ತಯಾರಿಸಿದರು. ಆದರೆ ಕೊಳ್ಳುವವರಿಲ್ಲ! ಕಬ್ಬಿಣವು ತಗುಲಿದರೆ ಭೂಮಿಗೆ ವಿಷವೇರಿ ಬೆಳೆಯು ಕೆಡುವುದೆಂದು ರೈತರು ದೃಢವಾಗಿ ನಂಬಿದ್ದರು. ಮೊದಲನೆಯ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷಗಳು ಹಿಡಿದವೆಂದು ಹೇಳುತ್ತಾರೆ.

ಈ ನಂಬುಗೆಯನ್ನು ಕೇಳಿ ಇಂದು ಓದುಬರಹ ಬಲ್ಲವರು ನಗುವುದುಂಟು. ನನಗೆ ನಗೆ ಬರುವುದಿಲ್ಲ. ಮುಂಗಾರು ವರ್ಷಕ್ಕೆ ಒಮ್ಮೆ ಬರುತ್ತದೆ, ಇರುವುದು ನಾಲ್ಕು ಎಕರೆ ಹೊಲ. ಹೊಸದನ್ನು ಪರೀಕ್ಷಿಸಹೋಗಿ ಬಿತ್ತಿದ್ದು ಹುಟ್ಟದಿದ್ದರೆ ಆ ವರ್ಷ ಮಕ್ಕಳಿಗೆ ಅನ್ನವೆಲ್ಲಿಂದ ಬರಬೇಕು? ಪ್ರಯೋಗವು ತಪ್ಪಿದರೆ ಕಾರಖಾನೆಯವನಿಗೆ ಒಂದು ನೇಗಿಲು ಹೋದೀತು, ಒಕ್ಕಲಿಗನಿಗೆ ಒಂದು ಸಂವತ್ಸರವೇ ಹೋಗುವುದು. ಆದುದರಿಂದ ಅವನ ಹಿಂಜರಿಕೆಯಲ್ಲಿ ಅಜ್ಞಾನದೊಡನೆ ಲೆಕ್ಕಾಚಾರವೂ ಇದ್ದಿತು. ಲಕ್ಷ್ಮಣರಾಯರ ಹೆಚ್ಚಳವೆಂದರೆ, ಗಿರಾಕಿಯಿಲ್ಲದ ಆ ದಿನಗಳಲ್ಲಿ ಅವರು ರೈತನನ್ನು ಹಳಿಯುತ್ತ ಕೂಡಲಿಲ್ಲ, ನೇಗಿಲನ್ನೂ ಕೈಬಿಡಲಿಲ್ಲ.

ವ್ಯಾಪಾರವು ಕುದುರುವ ಹೊತ್ತಿಗೆ ಮತ್ತೊಂದು ಪೆಟ್ಟು ಬಿದ್ದಿತು. ಬೆಳಗಾವಿಯ ಪುರಸಭೆಯು ಠಳಕವಾಡಿಯಲ್ಲಿ ಹೊಸ ಬಡಾವಣೆಯನ್ನು ಕಟ್ಟಬೇಕೆಂದು ಅವರ ಕಾರಖಾನೆಯ ಜಾಗವನ್ನು ತೆರವು ಮಾಡಿಸಿತು. ನಗರಕ್ಕೆ ಮನೆಗಳು ಬೇಕು, ಅದು ನಿಜ. ಆದರೆ ಮನೆಗಳಿಗೆ ಜಾಗ ಮಾಡಲು ಮನೆ ನಡೆಸುವ ಉದ್ಯೋಗವನ್ನೇ ಹೊರಗೆ ಹಾಕಿದುದು ಎಂಥ ವ್ಯವಹಾರವೆಂದು ನಾನು ಬಲ್ಲೆನಿಲ್ಲ.

ಆಗ ಕೈಹಿಡಿದವರು ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಇವರು ಸ್ವತಃ ಚಿತ್ರಕಾರರು. ಸೂರ್ಯನಮಸ್ಕಾರವನ್ನು ದೇಶದಲ್ಲೆಲ್ಲ ಪ್ರಚುರಪಡಿಸಿದವರೂ ಇವರೇ. ತಮ್ಮ ಸಂಸ್ಥಾನದಲ್ಲಿ ಭೂಮಿಯನ್ನೂ ಬಡ್ಡಿಯಿಲ್ಲದೆ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. ಭೂಮಿಯೆಂದರೆ ಕುಂಡಲ ರೋಡು ನಿಲ್ದಾಣದ ಬಳಿಯ 32 ಎಕರೆ ಬರಡುನೆಲ. ಅದರ ತುಂಬ ಕಳ್ಳಿ, ಕಳ್ಳಿಯ ಬುಡದಲ್ಲಿ ನಾಗರಹಾವುಗಳು. 1910ರಲ್ಲಿ ಅಲ್ಲಿ ಬಿಡಾರ ಹೂಡಿದರು. ಸಂಗಡ ಬಂದವರು ಕೆಲವೇ ಜನ. ಶಂಭುರಾವ ಜಾಂಭೇಕರರು ಯಂತ್ರಗಳ ಕೆಲಸಕ್ಕೆ ನಿಂತರು, ಮಂಗೇಶರಾವ ರೇಗೆಯವರು ಲೆಕ್ಕಪತ್ರಗಳನ್ನು ನೋಡಿಕೊಂಡರು. ಊರಿನ ಬೀದಿ, ಮನೆ, ನೀರುಗಳ ಏರ್ಪಾಡು ರಾಮೂಅಣ್ಣನವರದು. ಆ ಊರಲ್ಲಿ ಅಸ್ಪೃಶ್ಯತೆಗೆ ಎಡೆಗೊಡಲಿಲ್ಲ. ದರೋಡೆಗಾಗಿ ಶಿಕ್ಷೆಯನ್ನನುಭವಿಸಿ ಬಂದವರನ್ನೇ ರಾತ್ರಿಯ ಕಾವಲಿಗೆ ನೇಮಿಸಿದರು! ಗೃಹಸ್ಥರಾದ ನಾವು ಮನೆಯ ಬೀಗದ ಕೈಯನ್ನು ನೆರೆಯವನಿಗೆ ಕೊಡಲಿಕ್ಕೂ ಅನುಮಾನಿಸುತ್ತೇವೆ.

1914ರಲ್ಲಿ ಮಹಾಯುದ್ಧವು ಆರಂಭವಾಗಲು ಪರದೇಶದ ನೇಗಿಲು ಬರುವುದು ನಿಂತು ಇವರ ನೇಗಿಲಿಗೆ ಬೇಡಿಕೆಯು ಏರಿತು. ಅದರ ಜೊತೆಗೇ ಬೀಡುಕಬ್ಬಿಣವೂ ಕಲ್ಲಿದ್ದಲಿಯೂ ದುರ್ಲಭವಾದವು. ಲಕ್ಷ್ಮಣರಾಯರು ಕಟ್ಟಿಗೆಯ ಇದ್ದಲಿಯಿಂದ ಕುಲುಮೆಯನ್ನು ಉರಿಸಿದರು. ಕಬ್ಬಿಣಕ್ಕಾಗಿ ಕೊಲ್ಹಾಪುರದ ಶಾಹೂ ಮಹಾರಾಜರಲ್ಲಿ ಬಿನ್ನವಿಸಿ, ಕೋಟೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಹಳೆಯ ತೋಪುಗಳನ್ನು ತಂದು ಕರಗಿಸಿದರು. ತೋಪು ಕರಗಿ ನೇಗಿಲಾಗುವುದನ್ನು ಪುರಾಣಿಕರು ಹೇಳಿದ್ದರೆ ನಾವು ಉತ್ಪ್ರೇಕ್ಷೆಯೆನ್ನುತ್ತಿದ್ದೆವು.

1920ರಲ್ಲಿ ಸಂಸ್ಥೆಯು ಲಿಮಿಟೆಡ್ ಕಂಪನಿಯಾಯಿತು. ಅದೇ ವರ್ಷ ಮನೆತನದ ಶಂಕರರಾವ ಕಿರ್ಲೋಸ್ಕರರು ಆ ವಾಡಿಯಿಂದಲೇ ಒಂದು ಮರಾಠಿ ಮಾಸಪತ್ರಿಕೆಯನ್ನು ಹೊರಡಿಸಿದರು. 1930ರಲ್ಲಿ ಗೃಹಿಣಿಯರಿಗಾಗಿ ‘ಸ್ತ್ರೀ’ ಎಂಬ ಪತ್ರಿಕೆಯೂ ಹುಟ್ಟಿತು. ಮಗ ಶಂತನುರಾಯರು ಅಮೇರಿಕೆಯಲ್ಲಿ ಯಂತ್ರವಿದ್ಯೆಯನ್ನು ಕಲಿತು ಬಂದರು. ನೀರೆತ್ತುವ ಪಂಪುಗಳೂ ಎಣ್ಣೆಯಿಂದ ನಡೆಯುವ ಎಂಜಿನ್ನುಗಳೂ ತಯಾರಾಗತೊಡಗಿದವು. ಕನ್ನಡನಾಡಿಗೂ ಈ ಉದ್ಯೋಗದ ಒಂದು ಕೊಂಬೆ ಮರಳಿ ಬಂದಿತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಾರಖಾನೆಯು ಸ್ಥಾಪಿತವಾಗಿ ಬಹುಕಾಲ ಲೇತುಗಳನ್ನು ಮಾಡಿತು. ಅದು ಈಗ ಮುಚ್ಚಿದೆ. 1946ರಲ್ಲಿ ಬೆಂಗಳೂರಿನಲ್ಲಿ ವಿದ್ಯುದ್ಯಂತ್ರಗಳ ಕಾರಖಾನೆಯು ಹುಟ್ಟಿತು. ಬೆಳಗಾವಿಗೆ ಮಾತ್ರ ಆ ಮೊದಲನೆಯ ಕಾರಖಾನೆಯು ತಿರುಗಿ ಬರಲಿಲ್ಲ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅವರ ಜನ್ಮಶತಾಬ್ದಿಯಾದ 1969ರಲ್ಲಿ ಭಾರತ ಸರಕಾರವು ಅವರ ಹೆಸರಿನ ಅಂಚೆಚೀಟಿಯನ್ನು ಹೊರಡಿಸಿತು. ವಾಡಿಯ ಕಾರಖಾನೆಯು ಇಂದಿಗೂ ನಡೆದಿದೆ. ಈಗ ಅಲ್ಲಿನ ಮುಖ್ಯ ಕೆಲಸ ಪಂಪುಗಳದು.