ಕುರಿಗಳ ಕರುಳು ಬೇನೆ: ಮಳೆಗೆ ಮುಂಚೆಯೇ ಚುಚ್ಚುಮದ್ದು

ಜಗಳೂರು ಸೀಮೆಯು ಮಳೆ ಕಡಿಮೆಯಾದ ಬಯಲುನಾಡು. ಬೆಳೆ ಕೈಗೆ ಹತ್ತದ ವರ್ಷ ಇಲ್ಲಿಯ ಅನೇಕ ಸಂಸಾರಗಳಿಗೆ ಕುರಿಹಿಂಡೇ ಆಧಾರವು. ಅಂತಹ ಹಿಂಡಿಗೆ ಮುಂಗಾರಿನ ಎಳೆಹುಲ್ಲಿನೊಡನೆ ಬರುವ ಅಪಾಯವೇ ಕರುಳು ಬೇನೆ.

ಈ ರೋಗದ ಸೂಕ್ಷ್ಮಾಣುಗಳು ಆರೋಗ್ಯವಾದ ಕುರಿಯ ಕರುಳಿನಲ್ಲಿಯೂ ಸ್ವಲ್ಪಮಟ್ಟಿಗೆ ಇರುವುದುಂಟು. ಬೇಸಿಗೆಯೆಲ್ಲಾ ಒಣಮೇವು ತಿಂದ ಕುರಿಯು ಒಮ್ಮೆಲೇ ಎಳೆಹುಲ್ಲನ್ನಾಗಲಿ ಕಾಳನ್ನಾಗಲಿ ಮಿತಿಮೀರಿ ತಿಂದರೆ, ಅವು ಬಹುಬೇಗ ವೃದ್ಧಿಹೊಂದಿ ವಿಷವನ್ನುಂಟುಮಾಡುತ್ತವೆ. ಆದುದರಿಂದಲೇ ಹಿಂಡಿನಲ್ಲಿ ಮೈತುಂಬಿಕೊಂಡ ಮರಿಗಳು ಮೊದಲು ಸಾಯುತ್ತವೆ. ಸಂಜೆ ಚೆನ್ನಾಗಿದ್ದ ಮರಿಯು ಬೆಳಗಾಗುವುದರೊಳಗೆ ಸತ್ತಿರುವುದರಿಂದ ಚಿಕಿತ್ಸೆಗೆ ಅವಕಾಶವೇ ದೊರೆಯದು.

ಆದಕಾರಣ ಮಳೆಗಾಲಕ್ಕೆ ಮುಂಚೆಯೇ ಚುಚ್ಚುಮದ್ದು ಹಾಕಿಸತಕ್ಕದ್ದು. ಮೊದಲ ಸಲ ಹಾಕಿಸಿದವುಗಳಿಗೆ ಪಶುವೈದ್ಯರು ತಿಳಿಸಿದ ದಿನ ಎರಡನೆಯ ಸಲವೂ ಹಾಕಿಸಬೇಕು. ಮದ್ದು ಹಾಕಿಸಿದ ಮೇಲೂ ಮೇವಿನ ಕ್ರಮವನ್ನು ಬಿಡಕೂಡದು. ಬೆಳಿಗ್ಗೆ ಒಣಮೇವು ಕೊಟ್ಟು, ಹಸಿರಿನಲ್ಲಿ ಮೇಯಿಸುವ ಹೊತ್ತನ್ನು ದಿನದಿನಕ್ಕೆ ಹೆಚ್ಚಿಸುವುದು ಲೇಸು.

ಕುರಿ ಹಠಾತ್ತಾಗಿ ಸತ್ತರೆ ಅದು ನೆರಡಿ ರೋಗವೂ ಆಗಿರಬಹುದು. ನೆರಡಿಯು ಮನುಷ್ಯರಿಗೂ ತಗಲುವುದು. ಪಶುವೈದ್ಯರು ನೋಡುವವರೆಗೆ ಸತ್ತ ಕುರಿಯನ್ನು ಕೊಯ್ಯಲೂ ಕೂಡದು, ಚರ್ಮ ಸುಲಿಯಲೂ ಕೂಡದು.

ದನಗಳನ್ನು ಹಿಂದೆ ಊರೂರೇ ಬರಿದಾಗುವಂತೆ ಕೊಂದ ದೊಡ್ಡರೋಗವು ಲಸಿಕೆಯ ಬಲದಿಂದ ಅಳಿದು, 2011ರಲ್ಲಿ ಜಗತ್ತೇ ಅದರಿಂದ ಮುಕ್ತವಾಯಿತೆಂದು ಸಾರಲಾಯಿತು. ಕರುಳು ಬೇನೆಯು ಹಾಗೆ ಅಳಿಯತಕ್ಕದ್ದಲ್ಲ. ಅದರ ಬೀಜವು ಕುರಿಯೊಳಗೂ ಮಣ್ಣಿನೊಳಗೂ ಇದೆ. ಒಂದು ಕುರಿಗೆ ಹಾಕಿಸಿದ ಮದ್ದು ಮತ್ತೊಂದನ್ನು ಕಾಯದು. ಈ ವರ್ಷ ಹಾಕಿಸಿದ್ದು ಮುಂದಿನ ವರ್ಷಕ್ಕೆ ಸಾಲದು. ಗ್ರಾಮದ ಮುಖಂಡರು ಪ್ರತಿವರ್ಷವೂ ಮುಂಗಾರಿಗೆ ಮುಂಚೆ ಒಂದು ದಿನವನ್ನು ಗೊತ್ತುಮಾಡಿ, ಬಡವನ ನಾಲ್ಕು ಕುರಿಗಳೂ ತಪ್ಪಿಹೋಗದಂತೆ ನೋಡಿಕೊಳ್ಳುವುದು ಅವಶ್ಯಕ.