ಹೆರಿಗೆಗೂ ಹಗಲಿಗೂ ಇರುವ ನಂಟು

ಮಕ್ಕಳು ಹನ್ನೆರಡು ತಿಂಗಳೂ ಹುಟ್ಟುತ್ತಾರೆ, ಆದರೆ ಸಮನಾಗಿ ಅಲ್ಲ. ಯುರೋಪಿನಲ್ಲಿ ಬಹುಕಾಲದಿಂದ ವಸಂತದ ಹೆರಿಗೆಗಳೇ ಹೆಚ್ಚು. ಅಮೆರಿಕದಲ್ಲಿ ಆಗಸ್ಟ್, ಸೆಪ್ಟೆಂಬರ್ ಮುಂದು. ಭಾರತದಲ್ಲಿಯೂ ಮಳೆಗಾಲ ಮುಗಿಯುವ ಹೊತ್ತಿನ ತಿಂಗಳುಗಳದ್ದೇ ಮೇಲುಗೈ. ಫ್ರಾನ್ಸಿನ ವೈದ್ಯ ಲೂಯಿ ರೆನೆ ವಿಲರ್ಮೆ 1831ರಷ್ಟು ಹಿಂದೆಯೇ ಜನನಗಳನ್ನು ತಿಂಗಳುವಾರು ಲೆಕ್ಕಹಾಕಿ ಈ ಏರಿಳಿತವನ್ನು ತೋರಿಸಿದ್ದರು. ಇದರಲ್ಲಿ ಸೂರ್ಯನ ಪಾತ್ರವಿದೆಯೇ?

ಕುರಿಗಳ ವಿಷಯದಲ್ಲಿ ಅನುಮಾನವೇ ಇಲ್ಲ. ಕತ್ತಲಾದೊಡನೆ ಮಿದುಳಿನ ಪೀನಿಯಲ್ ಗ್ರಂಥಿ ಮೆಲಟೋನಿನ್ ಎಂಬ ಹಾರ್ಮೋನನ್ನು ಸ್ರವಿಸತೊಡಗುತ್ತದೆ. ಬೆಳಕು ಕಣ್ಣಿಗೆ ಬಿದ್ದರೆ ನಿಲ್ಲಿಸುತ್ತದೆ. ರಾತ್ರಿ ಉದ್ದವಾದಷ್ಟೂ ಸ್ರಾವದ ಅವಧಿ ಉದ್ದ. ದೇಹಕ್ಕೆ ಇದೇ ಪಂಚಾಂಗ. ಚಳಿದೇಶದ ಕುರಿ ಹಗಲು ಕುಗ್ಗುವ ಶರತ್ಕಾಲದಲ್ಲಿ ಬೆದೆಗೆ ಬಂದು, ಐದು ತಿಂಗಳ ನಂತರ ಹುಲ್ಲು ಚಿಗುರುವಾಗ ಈಯುತ್ತದೆ. ಹ್ಯಾಮ್‌ಸ್ಟರ್‌ನದು ತದ್ವಿರುದ್ಧ: ಹಗಲು ಬೆಳೆದರೆ ಮಾತ್ರ ಅದರ ಸಂತಾನಶಕ್ತಿ ಎಚ್ಚೆತ್ತುಕೊಳ್ಳುತ್ತದೆ. ಮೆಲಟೋನಿನ್ ನಮ್ಮಲ್ಲೂ ಇದೆ, ರಾತ್ರಿಯೇ ಸ್ರವಿಸುತ್ತದೆ. ಹಾಗೆಂದು ನಮ್ಮ ಗರ್ಭಧಾರಣೆಯೂ ಅದರ ಮಾತು ಕೇಳುತ್ತದೆ ಎಂದು ನೇರವಾಗಿ ಹೇಳಲಾಗದು.

ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಯೂರ್ಗನ್ ಆಶಾಫ್ 1990ರಲ್ಲಿ ಪ್ರಕಟಿಸಿದ ಅಧ್ಯಯನ ಈ ಚರ್ಚೆಯ ಬುನಾದಿ. 166 ಪ್ರದೇಶಗಳಿಂದ ಅವರು ಕಲೆಹಾಕಿದ ಮಾಸಿಕ ಜನನ ದಾಖಲೆಗಳನ್ನು ಒಟ್ಟು ಕೂಡಿದರೆ 3000 ವರ್ಷಗಳಿಗೂ ಮಿಗಿಲು! ಕೈಗಾರಿಕೀಕರಣಕ್ಕೆ ಮುಂಚೆ, ಹಗಲು ಬೆಳೆಯುತ್ತಾ ರಾತ್ರಿಗೆ ಸಮನಾಗುವ ದಿನಗಳ ಸುಮಾರಿಗೆ ಗರ್ಭಧಾರಣೆ ಹೆಚ್ಚುತ್ತಿತ್ತು. ಜನ ಕಾರ್ಖಾನೆ, ಕಚೇರಿಗಳ ಒಳಗೆ ಸೇರಿ, ದೀಪದ ಬೆಳಕಿನಲ್ಲಿ ಬದುಕತೊಡಗಿದಂತೆ ಆ ಏರಿಳಿತ ತಗ್ಗಿತು. ನನ್ನ ಮಟ್ಟಿಗೆ ಸೂರ್ಯನ ಪರವಾದ ಅತ್ಯಂತ ಬಲವಾದ ಸಾಕ್ಷ್ಯ ಈ ತಗ್ಗುವಿಕೆಯೇ.

ಆದರೆ ಬಿಸಿಲು ಎಂದರೆ ಬೆಳಕಷ್ಟೇ ಅಲ್ಲ, ಸೆಕೆಯೂ ಹೌದು. ಬಿರುಬೇಸಿಗೆಯಲ್ಲಿ ವೀರ್ಯಾಣುಗಳ ಸಂಖ್ಯೆ ಇಳಿಯುತ್ತದೆ. ಅಮೆರಿಕದಲ್ಲಿ ತೀರಾ ಬಿಸಿಯಾದ ದಿನಗಳ ನಂತರದ ಎಂಟರಿಂದ ಹತ್ತನೆಯ ತಿಂಗಳಲ್ಲಿ ಜನನ ಕಡಿಮೆಯಾಗುವುದು ಕಂಡುಬಂದಿದೆ. ಹಬ್ಬಗಳ ಲೆಕ್ಕ ಬೇರೆ. ಕ್ರಿಸ್‌ಮಸ್ ಕಳೆದು ಒಂಬತ್ತು ತಿಂಗಳಿಗೆ ಹೆರಿಗೆಗಳು ಹೆಚ್ಚುವುದು ಉತ್ತರಾರ್ಧಗೋಳದಲ್ಲಷ್ಟೇ ಅಲ್ಲ, ಡಿಸೆಂಬರಿನಲ್ಲಿ ಬೇಸಿಗೆಯಿರುವ ದಕ್ಷಿಣದಲ್ಲೂ ಉಂಟು. ಅಲ್ಲಿ ಸೂರ್ಯನಿಗಿಂತ ಸಂಪ್ರದಾಯ ದೊಡ್ಡದು. ನಮ್ಮಲ್ಲಿ ಆಷಾಢದಲ್ಲಿ ಹೊಸ ಮದುಮಗಳನ್ನು ತವರಿಗೆ ಕಳಿಸುವ ಪದ್ಧತಿಯ ಪರಿಣಾಮವನ್ನೂ ಯೋಚಿಸಿ: ಆ ತಿಂಗಳು ಬಸಿರಾದರೆ ಹೆರಿಗೆ ಚೈತ್ರದ ಉರಿಬಿಸಿಲಿಗೆ ಬೀಳುತ್ತದೆ.

ಇನ್ನು ಅಕ್ಷಾಂಶ. ಹೆಲ್ಸಿಂಕಿಯಲ್ಲಿ ವರ್ಷದ ದೀರ್ಘ ಹಗಲು ಸುಮಾರು 19 ಗಂಟೆ, ಗಿಡ್ಡ ಹಗಲು ಆರು ಗಂಟೆಗೂ ಕಡಿಮೆ. ಬೆಂಗಳೂರಿನಲ್ಲಿ ಇವೆರಡರ ಅಂತರ ಬರೀ ಒಂದೂವರೆ ಗಂಟೆ. ಇಷ್ಟು ಸಣ್ಣ ವ್ಯತ್ಯಾಸ ನಮ್ಮ ತೊಟ್ಟಿಲುಗಳ ಲೆಕ್ಕವನ್ನು ಬದಲಿಸುತ್ತದೆ ಎಂದು ನಾನು ನಂಬಲಾರೆ. ಕರ್ನಾಟಕದಲ್ಲಿ ಸೆಕೆ, ಸುಗ್ಗಿ, ಮದುವೆಯ ಮುಹೂರ್ತಗಳೇ ಮುಖ್ಯವಿರಬೇಕು. ಶ್ರೀನಗರದ ಮಾತು ಬೇರೆ, ಅಲ್ಲಿ ಅಂತರ ನಾಲ್ಕೂವರೆ ಗಂಟೆ. ಕನ್ಯಾಕುಮಾರಿಯಿಂದ ಕಾಶ್ಮೀರದವರೆಗೆ ಒಂದೇ ಕಾನೂನಿನಡಿ, 1969ರ ಕಾಯ್ದೆಯಂತೆ, ಜನನಗಳನ್ನು ನೋಂದಾಯಿಸುವ ದೇಶ ನಮ್ಮದು. ಬೆಳಕನ್ನೂ ಸೆಕೆಯನ್ನೂ ಬೇರ್ಪಡಿಸಿ ನೋಡಲು ಇಂಥ ಅವಕಾಶ ಹೆಚ್ಚು ದೇಶಗಳಿಗಿಲ್ಲ. ಸಂಖ್ಯಾಶಾಸ್ತ್ರ ಓದುವ ನಮ್ಮ ವಿದ್ಯಾರ್ಥಿಗಳು ಆ ದಾಖಲೆಗಳನ್ನು ಕೈಗೆತ್ತಿಕೊಳ್ಳಲಿ.